ಪ್ರತಿಕ್ರಿಯೆ: ದಾವಣಗೆರೆಯಲ್ಲಿ 2007ರ ಬಾಕ್ಸ್‌ಸ್ಟರ್ ಸಾಕಬಹುದಾ?

ದಾವಣಗೆರೆಯಲ್ಲಿದ್ದುಕೊಂಡು 2007ರ ಪೋರ್ಷೆ ಬಾಕ್ಸ್‌ಸ್ಟರ್ ತಗೊಂಡ್ರೆ ಖರ್ಚು ತಡೆಯೋಕಾಗುತ್ತಾ ಅಂತ ಕೇಳಿದ್ದೀರಿ. ತಗೊಳ್ಳಿ, ಬಲು ಚೆಂದದ ಗಾಡಿ. ಆದ್ರೆ ಎಂಜಿನ್ ಪರೀಕ್ಷೆ ಮಾಡಿಸದೆ ಅಡ್ವಾನ್ಸ್ ಮಾತ್ರ ಕೊಡಬೇಡಿ.

ಎಲ್ಲರೂ ಹೆದರಿಸೋದು ಐಎಂಎಸ್ ಬೇರಿಂಗ್ ಬಗ್ಗೆ, ಅಂದ್ರೆ ಎಂಜಿನ್ ಒಳಗಿನ ಇಂಟರ್‌ಮೀಡಿಯೇಟ್ ಶಾಫ್ಟ್ ಅನ್ನೋ ದಂಡವನ್ನ ಹಿಡಿದಿರೋ ಬೇರಿಂಗ್. ಈ ವರ್ಷದ ಗಾಡಿಗಳಲ್ಲಿ ಇರೋದು ದೊಡ್ಡ ಬೇರಿಂಗ್, ಹಳೇದರಷ್ಟು ಕೆಡೋದಿಲ್ಲ. ಕೆಟ್ಟರೆ ಮಾತ್ರ ಎಂಜಿನ್ ಇಬ್ಭಾಗ ಮಾಡದೆ ಅದನ್ನ ತೆಗೆಯೋಕೆ ಬರಲ್ಲ. ಅದಕ್ಕೇ ಲಿಫ್ಟ್ ಮೇಲೆ ಏರಿಸಿ ಆಯಿಲ್ ಇಳಿಸಿ. ಫಿಲ್ಟರಿನ ಕಾಗದದ ಮಡಿಕೆ ಒಂದೊಂದೇ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿಣಮಿಣ ಚೂರು ಕಂಡು, ಅವು ಅಯಸ್ಕಾಂತಕ್ಕೂ ಅಂಟಿದ್ರೆ, ಎಷ್ಟೇ ಕಡಿಮೆ ರೇಟು ಹೇಳಲಿ, ಎದ್ದು ಬನ್ನಿ. ಸ್ಪಾರ್ಕ್ ಪ್ಲಗ್ ತೆಗೆಸಿ, ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆಯಲ್ಲಿ ಗೀರು ಇದೆಯಾ ಅಂತಾನೂ ನೋಡಿಸಿ.

ಎಂಜಿನ್ ಸೀಟಿನ ಹಿಂದೆ ಇದ್ದರೂ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡೂ ಬದಿಗೆ ಇವೆ. ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆ ತುಂಬಾ ಹೊಟ್ಟು, ಧೂಳು. ಅದೆಲ್ಲ ಅಲ್ಲೇ ಸೇರಿ, ಒದ್ದೆಯಾಗಿ ಕೊಳೆತು ಎಸಿ ಕಂಡೆನ್ಸರ್ ತಿಂದುಹಾಕುತ್ತೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿಸಿ ಕ್ಲೀನ್ ಮಾಡಿಸಲೇಬೇಕು. ಮೇಲ್ಛಾವಣಿಯ ನೀರು ಹೋಗೋ ರಂಧ್ರಗಳನ್ನೂ ಆಗಲೇ ಬಿಡಿಸಿಬಿಡಿ.

ಸ್ಪೆಷಲಿಸ್ಟ್ ಕೆಲಸಕ್ಕೆ ಬೆಂಗಳೂರೇ ಗತಿ, ಅಂದ್ರೆ 260 ಕಿಲೋಮೀಟರ್ ಫ್ಲಾಟ್‌ಬೆಡ್ (ಕಾರು ಹೊತ್ತೊಯ್ಯೋ ಲಾರಿ) ಬಾಡಿಗೆ ಲೆಕ್ಕಕ್ಕೆ ಹಿಡೀರಿ. ಆರ್‌ಸಿ ನವೀಕರಣ ಆಗಿದೆಯಾ ಅಂತ ಮೊದಲು ನೋಡಿ. 15 ವರ್ಷ ದಾಟಿದ ಆಮದು ಕಾರಿಗೆ ಶುಲ್ಕವೇ 40,000 ರೂಪಾಯಿ, 20 ದಾಟಿದ್ರೆ 80,000. ಬೆಲೆ ಕುದುರಿಸುವಾಗ ಇದನ್ನೂ ಮುಂದಿಡಿ.