ಗಡಿಯಾರಕ್ಕಿಂತ ಮುಂಚೆ ಬಾಗಿಲು ನೋಡಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಕರೆ ಬಂದ ಎಷ್ಟು ನಿಮಿಷಕ್ಕೆ ಫೈರ್ ಎಂಜಿನ್ ತಲುಪಿತು ಎಂದು ಪ್ರತಿ ಅಗ್ನಿಶಾಮಕ ಠಾಣೆಯ ಮುಂದೆ ಬೋರ್ಡ್ ಹಾಕಬೇಕು. ತಡ ಮಾಡಿದ ಠಾಣೆಗಳ ಹೆಸರು ಪತ್ರಿಕೆಯಲ್ಲಿ ಬರಬೇಕು. ಕೆಲಸ ಅಳೆಯಲು ಇದಕ್ಕಿಂತ ಸುಲಭದ ದಾರಿ ಇದೆಯೇ?”

ನಿಮ್ಮ ಸಿಟ್ಟು ನ್ಯಾಯವಾದದ್ದೇ. ತಾಲ್ಲೂಕು ಕೇಂದ್ರದಿಂದ ಎಂಜಿನ್ ಬರುವಷ್ಟರಲ್ಲಿ ಬಣವೆ ಬೂದಿಯಾದದ್ದನ್ನು ಕಂಡ ರೈತನಿಗೆ ನಿಮಿಷದ ಬೆಲೆ ಗೊತ್ತು. ಬೋರ್ಡ್ ಹಾಕಲಿ. ಆದರೆ ಅದೊಂದೇ ಅಳತೆ ಸಾಕು ಅನ್ನುವುದನ್ನು ನಾನು ಒಪ್ಪಲಾರೆ.

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡಕ್ಕೆ ಬಿದ್ದ ಬೆಂಕಿ ನೆನಪಿದೆ ಅಲ್ವಾ? 2010ರ ಫೆಬ್ರವರಿ 23. ವಿದ್ಯುತ್ ತಂತಿಗಳ ಡಕ್ಟ್ ಹಿಡಿದು ಹೊಗೆ ಮಹಡಿಯಿಂದ ಮಹಡಿಗೆ ಏರಿತು. ಪಾರಾಗಬೇಕಿದ್ದ ದಾರಿಯ ಬಾಗಿಲುಗಳಿಗೆ ಬೀಗ. ಉಸಿರುಕಟ್ಟಿದವರು ಕಿಟಕಿಯಿಂದ ಹಾರಿದರು. 9 ಜನ ಸತ್ತರು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತಾಗಲೂ ಹೀಗೇ. ಕೆಳಗೆ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ, ಮೇಲೆ ಬಾಲ್ಕನಿ ತುಂಬ ಹೊಗೆ, ಹೊರಹೋಗುವ ದಾರಿಗೆ ಅಡ್ಡಲಾಗಿ ಆಮೇಲೆ ಸೇರಿಸಿದ ಸೀಟುಗಳು. ಆ ಬೀಗ, ಆ ಸೀಟು ಯಾರಾದರೂ ಒಂದು ತಿಂಗಳು ಮುಂಚೆ ತೆಗೆಸಿದ್ದರೆ? ಅಂಥ ಕೆಲಸಕ್ಕೆ ನಿಮ್ಮ ಬೋರ್ಡಿನಲ್ಲಿ ಜಾಗವೇ ಇಲ್ಲ.

ಇತ್ತೀಚೆಗೆ ಒಂದು ಮದುವೆ ಛತ್ರಕ್ಕೆ ಹೋಗಿದ್ದೆ. ಊಟದ ಹಾಲ್‌ನ ಹಿಂಬಾಗಿಲಿಗೆ ಬೀಗ, ಅದರ ಮುಂದೆ ಪೇರಿಸಿಟ್ಟ ಕುರ್ಚಿಗಳು, ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್‌ಗಳು. ಬೀಗದ ಕೈ ಯಾರ ಹತ್ತಿರ ಎಂದು ಕೇಳಿದರೆ ಅಡುಗೆಯವರು ಮ್ಯಾನೇಜರ್ ಕಡೆ ತೋರಿಸಿದರು, ಮ್ಯಾನೇಜರ್ ವಾಚ್‌ಮನ್ ಕಡೆ. ವಾಚ್‌ಮನ್ ಟೀ ಕುಡಿಯಲು ಹೋಗಿದ್ದ. ಅಲ್ಲಿ ಬೆಂಕಿ ಬಿದ್ದು, ಎಂಜಿನ್ ಐದೇ ನಿಮಿಷಕ್ಕೆ ಬಂದರೂ ಒಳಗಿದ್ದವರ ಗತಿ ಏನು?

ನಿಮಿಷವನ್ನೇ ನಂಬಿದ ನಗರದ ಕಥೆಯೂ ಇದೆ. 1970ರ ದಶಕದಲ್ಲಿ ನ್ಯೂಯಾರ್ಕ್ ನಗರ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ತಜ್ಞರ ಲೆಕ್ಕ ಹಿಡಿದು ಹಲವು ಠಾಣೆಗಳನ್ನು ಮುಚ್ಚಿತು. ಆ ಲೆಕ್ಕದ ಜೀವಾಳವೇ ಎಂಜಿನ್ ತಲುಪುವ ಸಮಯ. ಆದರೆ ಬಾಗಿಲು ಹಾಕಿದ ಠಾಣೆಗಳಲ್ಲಿ ಎಷ್ಟೋ ಇದ್ದದ್ದು ಬ್ರಾಂಕ್ಸ್‌ನಂಥ ಕಡೆ, ಬಡವರು ಕಿಕ್ಕಿರಿದು ಬದುಕುವ, ಬೆಂಕಿ ಜಾಸ್ತಿ ಬೀಳುವ ಬೀದಿಗಳಲ್ಲಿ. ಇಂಗ್ಲೆಂಡಿನವರು ಬೇರೆ ದಾರಿ ಹಿಡಿದರು. ಅಲ್ಲಿನ ಸಿಬ್ಬಂದಿ ಮನೆಮನೆಗೆ ಹೋಗಿ ಹೊಗೆ ಅಲಾರಂ ಹಾಕಿಕೊಟ್ಟರು. ಬೆಂಕಿ ಬೀಳದಂತೆ ಜನರಿಗೆ ತಿಳಿಹೇಳುವುದನ್ನು 2004ರ ಕಾನೂನು ಅಗ್ನಿಶಾಮಕ ಸೇವೆಯ ಕರ್ತವ್ಯವನ್ನಾಗಿಯೇ ಮಾಡಿತು. ಆ ವರ್ಷಗಳಲ್ಲಿ ಬೆಂಕಿಗೆ ಸಾಯುವವರ ಸಂಖ್ಯೆ ಇಳಿಯುತ್ತಾ ಬಂತು.

ನಮ್ಮಲ್ಲಿ ಬೆಂಕಿ ಆರಿಸಿದವರಿಗೆ ಪದಕ ಇದೆ, ಸರಿಯೇ. ಬೀಗ ತೆಗೆಸಿದ ಅಧಿಕಾರಿಗೆ ಸಿಗುವುದು ಮಾತ್ರ ಮಾಲೀಕರ ಬೈಗುಳ, ಮೇಲಿನವರ ಫೋನ್. 2022ರಲ್ಲಿ ಬೆಂಗಳೂರಿಗೆ 90 ಮೀಟರ್ ಏಣಿಯ ವಾಹನ ಬಂದಾಗ ಫೋಟೊಗಳೋ ಫೋಟೊಗಳು. ಏಣಿ ಬೇಕು, ನಿಜ. ಆದರೆ ಮೆಟ್ಟಿಲು ಖಾಲಿ ಇದೆಯಾ ಎಂದು ನೋಡಿಬರುವವನ ಫೋಟೊವನ್ನು ಯಾವ ಪತ್ರಿಕೆ ಹಾಕುತ್ತದೆ? ಈ ರೋಗ ಒಂದು ಇಲಾಖೆಗೆ ಅಂಟಿದ್ದಲ್ಲ. ಶಾಲೆಯನ್ನು ಎಸ್ಸೆಸ್ಸೆಲ್ಸಿ ಶೇಕಡಾವಾರಿನಿಂದ ಅಳೆಯುತ್ತೇವೆ, ಆಸ್ಪತ್ರೆಯನ್ನು ಹಾಸಿಗೆ ಎಣಿಸಿ ಹೊಗಳುತ್ತೇವೆ. ಎಣಿಸಲು ಸುಲಭವಾದದ್ದನ್ನು ಎಣಿಸಿ ಕೈತೊಳೆದುಕೊಳ್ಳುತ್ತೇವೆ.

ನಿಮ್ಮಂಥ ಹಟವಾದಿ ಓದುಗರು ಬೇಕು. ಅದಕ್ಕೇ ಕೇಳುತ್ತಿದ್ದೇನೆ, ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ನಿಮ್ಮ ಊರಿನ ಠಾಣೆಯವರು ಈ ವರ್ಷ ಎಷ್ಟು ಆಸ್ಪತ್ರೆ, ಛತ್ರ, ಕೋಚಿಂಗ್ ಸೆಂಟರ್ ತಪಾಸಣೆ ಮಾಡಿದರು? ಎಷ್ಟಕ್ಕೆ ನೋಟಿಸ್ ಕೊಟ್ಟರು? ಕೊಟ್ಟ ಮೇಲೆ ಎಷ್ಟು ಕಡೆ ಮತ್ತೆ ಹೋಗಿ ನೋಡಿದರು? ತಪಾಸಣೆಗೆಂದೇ ಅವರಿಗೆ ಎಷ್ಟು ಜನ ಇದ್ದಾರೆ ಎಂದೂ ಕೇಳಿ, ಇಲ್ಲದಿದ್ದರೆ ಠಾಣೆಯವರಿಗೆ ಅನ್ಯಾಯವಾಗುತ್ತದೆ. ಬಂದ ಉತ್ತರವನ್ನು ನಮಗೆ ಕಳಿಸಿ. ನಿಮಿಷಗಳ ಲೆಕ್ಕ ಸಿಕ್ಕರೆ ಅದನ್ನೂ ಸೇರಿಸಿ ಪೂರ್ತಿ ಪುಟ ಅಚ್ಚು ಹಾಕುತ್ತೇವೆ.

— ಸಂಪಾದಕ