ಎಷ್ಟು ಕೇಳಿದರು ಅಲ್ಲ, ಏನು ಕೇಳಿದರು ನೋಡಿ

ಗದಗ-ಬೆಟಗೇರಿಯ ಓದುಗರೊಬ್ಬರು ಬರೆದಿದ್ದಾರೆ: ‘ಸಂಸದರ ಹಾಜರಿ, ಪ್ರಶ್ನೆಗಳ ಲೆಕ್ಕ ನೋಡಿದೆ. ಕೆಲವರ ಹೆಸರಿನ ಮುಂದೆ ನೂರಾರು ಪ್ರಶ್ನೆ. ಪಕ್ಕದ ಧಾರವಾಡದವರ ಹೆಸರಿನ ಮುಂದೆ ಖಾಲಿ. ಅವರು ಕೆಲಸವನ್ನೇ ಮಾಡಿಲ್ಲ ಅಂತ ತಿಳಿಯಬೇಕೇ?’

ಹಾಗೆ ತಿಳಿಯಬೇಡಿ ಸರ್. ಪ್ರಲ್ಹಾದ ಜೋಶಿಯವರು 2019ರಿಂದ ಕೇಂದ್ರ ಸಚಿವರು. ಸಚಿವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡಬೇಕು. ಹಾಜರಿ ಪುಸ್ತಕಕ್ಕೆ ಸಹಿಯನ್ನೂ ಹಾಕುವುದಿಲ್ಲ. ಅವರನ್ನು ಅಳೆಯಬೇಕಾದರೆ ಅವರ ಖಾತೆಯ ಉತ್ತರಗಳನ್ನು, ಮಸೂದೆಗಳನ್ನು ಓದಬೇಕು.

ಉಳಿದವರ ವಿಷಯದಲ್ಲೂ ಸುಮ್ನೆ ಸಂಖ್ಯೆ ನಂಬಿ ಕೂರಬೇಡಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದವು. ಗುರುತಿಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಒಂದೇ ಪ್ರಶ್ನೆಗೆ ನಾಲ್ಕೈದು ಸದಸ್ಯರ ಹೆಸರು ಸೇರಿರುವುದೂ ಉಂಟು. ಚುಕ್ಕೆ ಗುರುತಿನದ್ದು ಸದನದಲ್ಲಿ ಬಂದರೆ ಸಚಿವರು ಬಾಯಿಬಿಟ್ಟು ಉತ್ತರಿಸಬೇಕು, ಕೇಳಿದವರು ಎದ್ದು ಉಪಪ್ರಶ್ನೆ ಹಾಕಬಹುದು. ಆ ಸರದಿ ಯಾರಿಗೆ ಅನ್ನೋದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ನನಗಂತೂ ಪಟ್ಟು ಹಿಡಿದು ಕೇಳಿದ ಒಂದು ಉಪಪ್ರಶ್ನೆಯೇ ಜಾಸ್ತಿ ಬೆಲೆಯದ್ದು.

ಮಹದಾಯಿ ನದಿ ನೀರಿನ ವಿಷಯವನ್ನೇ ತಗೊಳ್ಳಿ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. ಆ ನೀರು ಇನ್ನೂ ಬಂದಿಲ್ಲ. ಸಂಸದರೊಬ್ಬರು ‘ಯೋಜನೆ ಯಾವ ಹಂತದಲ್ಲಿದೆ?’ ಅಂತ ಕೇಳಿದರೆ ‘ಪರಿಶೀಲನೆಯಲ್ಲಿದೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಬಹುದು. ‘ವನ್ಯಜೀವಿ ಮಂಡಳಿಯ ಮುಂದೆ ಕಡತ ಯಾವತ್ತು ಬಂತು, ಯಾವ ಸಭೆಯಲ್ಲಿ ಮುಂದೂಡಿದರು, ಯಾಕೆ?’ ಅಂತ ಕೇಳಿದರೆ ಜಾರಿಕೊಳ್ಳೋದು ಕಷ್ಟ. ನೀವು ನೋಡಿದ ಲೆಕ್ಕದಲ್ಲಿ ಎರಡಕ್ಕೂ ಒಂದೊಂದೇ ಅಂಕ!

ಇನ್ನೊಂದು ಮಾತು. ‘ಪರಿಶೀಲಿಸುತ್ತೇವೆ’, ‘ಮಾಹಿತಿ ಸಂಗ್ರಹಿಸುತ್ತಿದ್ದೇವೆ’ ಎನ್ನುವಂಥ ಉತ್ತರ ಸಾಮಾನ್ಯವಾಗಿ ಸರ್ಕಾರದ ಭರವಸೆ ಅಂತ ದಾಖಲಾಗುತ್ತದೆ. ಅದನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು. ಬೆನ್ನು ಹತ್ತಲು ಭರವಸೆಗಳ ಸಮಿತಿಯೇ ಇದೆ. ಪ್ರಶ್ನೆ ಕೇಳಿ ಮರೆತವರು ಯಾರು, ಮುಂದಿನ ಅಧಿವೇಶನದಲ್ಲಿ ಮತ್ತೆ ಎದ್ದವರು ಯಾರು ಅನ್ನೋದನ್ನು ನಾವು ಗಮನಿಸಬೇಕು, ಅಲ್ವಾ?

ನಿಮ್ಮ ಗದಗ, ರೋಣ, ಶಿರಹಟ್ಟಿ ಹಾವೇರಿ ಕ್ಷೇತ್ರದಲ್ಲಿವೆ. ನರಗುಂದ ನಿಮ್ಮದೇ ಜಿಲ್ಲೆಯಾದರೂ ವೋಟು ಬಾಗಲಕೋಟೆಗೆ. ನವಲಗುಂದ ಧಾರವಾಡಕ್ಕೆ. ಒಂದೇ ಮಹದಾಯಿ ನೀರಿಗೆ ಮೂವರು ಸಂಸದರು. ಒಬ್ಬರು ಸಚಿವರು, ಉಳಿದಿಬ್ಬರಿಗೆ ಕೇಳಲು ಅಡ್ಡಿಯಿಲ್ಲ. ಪ್ರಶ್ನೋತ್ತರಗಳ ಪೂರ್ತಿ ಪಾಠ ಸಂಸತ್ತಿನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮಹದಾಯಿ ಬಗ್ಗೆ ಇಬ್ಬರೂ ಏನೇನು ಕೇಳಿದ್ದಾರೆ, ಏನು ಉತ್ತರ ಬಂತು, ಹುಡುಕಿ ನಮಗೆ ಬರೆದು ಕಳಿಸಿ. ಖಂಡಿತ ಪ್ರಕಟಿಸುತ್ತೇವೆ.

— ಸಂಪಾದಕ