ಪಿ.ಟಿ. ಟೀಚರ್ ಆಗಬೇಕು, ಯಾವ ಡಿಗ್ರಿ ಮಾಡಲಿ?

ಓದುಗರ ಪತ್ರಗಳಿಗೆ ಮಡಿಕೇರಿಯ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿಯ ಉತ್ತರ

ಪ್ರಶ್ನೆ: ಟೀಚರ್, ನಮ್ಮದು ಶನಿವಾರಸಂತೆ ಹತ್ತಿರದ ಹಳ್ಳಿ. ಸೆಕೆಂಡ್ ಪಿಯುಸಿ ಕಾಮರ್ಸ್ ಓದುತ್ತಿದ್ದೇನೆ. ಹೈಸ್ಕೂಲಿನಿಂದ ಹಾಕಿ ಆಡುತ್ತಿದ್ದೇನೆ. ಎರಡು ಸಲ ಜಿಲ್ಲಾ ಮಟ್ಟಕ್ಕೆ ಹೋಗಿದ್ದೆ. ಪಿ.ಟಿ. ಟೀಚರ್ ಆಗಬೇಕು ಅಂತ ಆಸೆ. ಅಪ್ಪ ಬಿ.ಕಾಂ. ಮಾಡು ಅಂತಾರೆ. ಮಾವ, "ವಿಷಲ್ ಊದೋಕೂ ಒಂದು ಡಿಗ್ರಿನಾ?" ಅಂತ ಕೇಳ್ತಾರೆ. ಪಿಯುಸಿ ಆದ ಕೂಡಲೇ ದೈಹಿಕ ಶಿಕ್ಷಣದ ಡಿಪ್ಲೊಮಾ ಡಿ.ಪಿ.ಎಡ್. ಸೇರಲಾ, ಇಲ್ಲ ಡಿಗ್ರಿ ಮುಗಿಸಿ ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಮಾಡಲಾ? ಸೈನ್ಸ್ ತಗೊಳ್ಳದೆ ತಪ್ಪು ಮಾಡಿದೆನಾ?

ಉತ್ತರ: ನನ್ನ ಕೊನೆಯ ಬ್ಯಾಚಿನ ಮಕ್ಕಳದ್ದೂ ಈಗ ನಿನ್ನದೇ ವಯಸ್ಸು. ಅದಕ್ಕೆ ನೀನು ಅಂತಲೇ ಬರೆಯುತ್ತೇನೆ.

ಸೈನ್ಸ್ ಇಲ್ಲ ಅಂತ ಕೊರಗಬೇಡ. ಬಿ.ಪಿ.ಎಡ್.ಗೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ಆದರೆ ಅಲ್ಲಿ ಮೂಳೆ, ಸ್ನಾಯು, ಹೃದಯ, ಉಸಿರಾಟ ಎಲ್ಲವನ್ನೂ ಓದಲೇಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಅಂಗರಚನೆಯ ಪುಸ್ತಕ ತೆರೆದು ಅತ್ತವರು ಇದ್ದಾರೆ. ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ತೆಗೆದು ಜೀವಶಾಸ್ತ್ರದ ಪಾಠಗಳನ್ನು ಇನ್ನೊಮ್ಮೆ ಓದಿಕೋ. ಅಷ್ಟು ಸಾಕು.

ಇನ್ನು ದಾರಿ. ಡಿ.ಪಿ.ಎಡ್. ಪಿಯುಸಿ ನಂತರ ಎರಡು ವರ್ಷ. ಅದು ಪ್ರಾಥಮಿಕ ಶಾಲೆಗೆ. ಹೈಸ್ಕೂಲಿಗೆ ಹೋಗಬೇಕಾದರೆ ಡಿಗ್ರಿಯೂ ಬೇಕು, ಬಿ.ಪಿ.ಎಡ್.ಕೂಡ ಬೇಕು. ನಾನು ಓದುವಾಗ ಬಿ.ಪಿ.ಎಡ್. ಒಂದೇ ವರ್ಷ ಇತ್ತು. ಶಿಕ್ಷಕರ ತರಬೇತಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಸಿಟಿಇಯ 2014ರ ನಿಯಮ ಬಂದ ಮೇಲೆ ಎರಡು ವರ್ಷ, ನಾಲ್ಕು ಸೆಮಿಸ್ಟರ್ ಆಯಿತು. ಮನೆಗೆ ಬೇಗ ಸಂಬಳ ಬರಲೇಬೇಕು ಅನ್ನುವ ಪರಿಸ್ಥಿತಿ ಇದ್ದರೆ ಡಿ.ಪಿ.ಎಡ್. ಸೇರು. ಇಲ್ಲದಿದ್ದರೆ ಡಿಗ್ರಿ ಮೊದಲು ಅನ್ನುವುದೇ ನನ್ನ ಸಲಹೆ. ಬಿ.ಪಿ.ಇ.ಎಸ್. ಅಂತ ಮೂರು ವರ್ಷದ ದೈಹಿಕ ಶಿಕ್ಷಣದ ಡಿಗ್ರಿಯೂ ಇದೆ. ಒಳ್ಳೆಯ ಓದು. ಆದರೆ ಶಾಲೆಯಲ್ಲಿ ಟೀಚರ್ ಆಗಲು ಅದರ ಮೇಲೂ ಬಿ.ಪಿ.ಎಡ್. ಮಾಡಬೇಕಾಗುತ್ತದೆ. ಹೇಗೂ ಐದು ವರ್ಷ ಅಲ್ವಾ? ಹಾಗಾದರೆ ಅಪ್ಪ ಹೇಳಿದ ಬಿ.ಕಾಂ. ಮಾಡು. ಅಪ್ಪನ ಮಾತು ನಿನ್ನ ಆಸೆಗೆ ಅಡ್ಡ ಬರುವುದಿಲ್ಲ.

ಅಡ್ಡ ಬರುವುದು ಬೇರೆ. ಬಿ.ಪಿ.ಎಡ್.ಗೆ ಬರೀ ಡಿಗ್ರಿ ಸಾಲದು. ಡಿಗ್ರಿಯಲ್ಲಿ 50 ಪರ್ಸೆಂಟ್ ಅಂಕ, ಜೊತೆಗೆ ಕಾಲೇಜುಗಳ ನಡುವಿನ ಕೂಟದಲ್ಲೋ ಜಿಲ್ಲಾ, ಶಾಲಾ ಕ್ರೀಡಾಕೂಟದಲ್ಲೋ ಆಡಿದ ಸರ್ಟಿಫಿಕೇಟ್ ಕೇಳುತ್ತಾರೆ. ರಾಜ್ಯ ಮಟ್ಟದಲ್ಲಿ ಆಡಿದ್ದರೆ ಅಥವಾ ಜಿಲ್ಲೆಯಲ್ಲಿ ಮೊದಲ ಮೂರು ಸ್ಥಾನದಲ್ಲಿ ಬಂದಿದ್ದರೆ 45 ಪರ್ಸೆಂಟ್ ಸಾಕು. ಊರ ಹಬ್ಬದ ಟೂರ್ನಮೆಂಟು, ಕುಟುಂಬಗಳ ನಡುವಿನ ಹಾಕಿ ಕಪ್, ಇವುಗಳ ಸಂತೋಷ ದೊಡ್ಡದು. ಆದರೆ ಅರ್ಜಿಯಲ್ಲಿ ಅವು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಆ ಎರಡು ಜಿಲ್ಲಾ ಮಟ್ಟದ ಸರ್ಟಿಫಿಕೇಟ್ ಎಲ್ಲಿವೆ ಅಂತ ಇವತ್ತೇ ಹುಡುಕು. ಅದರಲ್ಲಿರುವ ಹೆಸರು, ಇನಿಶಿಯಲ್ ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಂತೆಯೇ ಇದೆಯಾ ನೋಡು. ತಪ್ಪಿದ್ದರೆ ಶಾಲೆಯಲ್ಲಿ ನಿನ್ನನ್ನು ಕರೆದುಕೊಂಡು ಹೋದ ಟೀಚರ್ ಇನ್ನೂ ಅಲ್ಲೇ ಇರುವಾಗಲೇ ಸರಿಮಾಡಿಸು. ನಮ್ಮ ಕಡೆ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದು ಗೊತ್ತಲ್ಲ. ನನ್ನ ಕಾಲೇಜಿನ ಥ್ರೋಬಾಲ್ ಸರ್ಟಿಫಿಕೇಟ್ ಒಂದು ಆಷಾಢದಲ್ಲಿ ಕಪ್ಪಾಗಿ ಅಕ್ಷರವೇ ಕಾಣದ ಹಾಗಾಯಿತು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೆಚ್ಚಗಿನ ಜಾಗದಲ್ಲಿ ಇಡು. ಎರಡು ಜೆರಾಕ್ಸ್ ಬೇರೆ ಕಡೆ ಇರಲಿ.

ಡಿಗ್ರಿ ಕಾಲೇಜನ್ನೂ ಇದೇ ಕಣ್ಣಿನಲ್ಲಿ ಆರಿಸು. ಯಾವುದಾದರೂ ಒಂದು ದಿನ ಸಂಜೆ 4 ಗಂಟೆಗೆ ಹೋಗಿ ಮೈದಾನದ ಪಕ್ಕ ನಿಂತುಕೋ. ಹುಡುಗಿಯರು ಆಡುತ್ತಿದ್ದಾರಾ? ದೈಹಿಕ ಶಿಕ್ಷಣ ನಿರ್ದೇಶಕರು ಇದ್ದಾರಾ? ಹೋದ ವರ್ಷ ಯೂನಿವರ್ಸಿಟಿ ಕೂಟಕ್ಕೆ ಹುಡುಗಿಯರ ಟೀಮ್ ಹೋಗಿತ್ತಾ ಅಂತ ಕೇಳು. ಮೂರು ವರ್ಷ ಸುಮ್ನೆ ಕ್ಲಾಸಿನಲ್ಲಿ ಕೂತು ಡಿಗ್ರಿ ತಂದರೆ ಅರ್ಜಿ ಹಾಕುವಾಗ ಕೈ ಖಾಲಿ ಇರುತ್ತದೆ. ಬಿ.ಪಿ.ಎಡ್. ಕಾಲೇಜಿಗೆ ದುಡ್ಡು ಕಟ್ಟುವ ಮೊದಲು ಅದಕ್ಕೆ ಎನ್‌ಸಿಟಿಇ ಮಾನ್ಯತೆ ಇದೆಯಾ ಅಂತ ನೋಡಲೇಬೇಕು. ಮನೆಯಲ್ಲೇ ಕೂತು ಮಾಡಿ, ಪರೀಕ್ಷೆಗೆ ಬಂದರೆ ಸಾಕು ಅನ್ನುವವರನ್ನು ನಂಬಬೇಡ. ನನ್ನ ಗೆಳತಿಯೊಬ್ಬಳು ಮಾನ್ಯತೆ ಇಲ್ಲದ ಕಡೆ ಸೇರಿ ದುಡ್ಡೂ ಕಳೆದುಕೊಂಡಳು, ವರ್ಷವೂ ಕಳೆದುಕೊಂಡಳು. ಅವಳಷ್ಟು ಚೆನ್ನಾಗಿ ಓಡುವವಳನ್ನು ನಾನು ಆಮೇಲೆ ನೋಡಲಿಲ್ಲ. ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತದೆ.

ಮಾವನಿಗೆ ಏನು ಹೇಳುವುದು? ಈ ಓದು ನಿನ್ನೆ ಮೊನ್ನೆಯದಲ್ಲ ಅಂತ ಹೇಳು. ಮದ್ರಾಸಿನಲ್ಲಿ 1920ರಲ್ಲೇ ಹ್ಯಾರಿ ಕ್ರೋ ಬಕ್ ಅನ್ನುವವರು ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದ್ದರು. ಆಮೇಲೆ ಮಾವನಿಗೆ ಒಂದು ಸಣ್ಣ ಲೆಕ್ಕ ಕೇಳು. ಟ್ರ್ಯಾಕಿನಲ್ಲಿ ಒಂದು ಪೂರ್ತಿ ಸುತ್ತಿನ ಓಟ. ಎಲ್ಲರೂ ಒಂದೇ ಗೆರೆಯಲ್ಲಿ ನಿಂತರೆ ಹೊರಗಿನ ಲೇನಿನವಳು ಜಾಸ್ತಿ ದೂರ ಓಡಬೇಕಾಗುತ್ತದೆ. ಅವಳನ್ನು ಎಷ್ಟು ಮುಂದೆ ನಿಲ್ಲಿಸಬೇಕು? ಸುಣ್ಣದ ಗೆರೆಯ ಟ್ರ್ಯಾಕಿನಲ್ಲಿ ಲೇನ್ 1.22 ಮೀಟರ್ ಅಗಲ ಇದ್ದರೆ ಒಂದೊಂದು ಲೇನಿಗೂ ಸುಮಾರು 7.66 ಮೀಟರ್. ಟ್ರ್ಯಾಕ್ 400 ಮೀಟರಿನದ್ದಾದರೂ ಅಷ್ಟೇ, ನಮ್ಮ ಗುಡ್ಡದ ಶಾಲೆಗಳ 200 ಮೀಟರಿನದ್ದಾದರೂ ಅಷ್ಟೇ. ವ್ಯತ್ಯಾಸ ಬರುವುದು ಲೇನಿನ ಅಗಲದಿಂದ, ಮೈದಾನದ ಗಾತ್ರದಿಂದಲ್ಲ. ಇದು ಗೊತ್ತಿಲ್ಲದೆ ಕಣ್ಣಂದಾಜಿನಲ್ಲಿ ಗೆರೆ ಎಳೆದರೆ ಒಂದು ಮಗು ಅನ್ಯಾಯವಾಗಿ ಸೋಲುತ್ತದೆ. ವಿಷಲ್ ಊದುವ ಮೊದಲು ಇಷ್ಟೆಲ್ಲ ಇದೆ.

ನನ್ನದೂ ಒಂದು ಪ್ರಶ್ನೆ. ನಿನಗೆ ಆಡುವುದು ಇಷ್ಟವಾ, ಕಲಿಸುವುದು ಇಷ್ಟವಾ? ನಮ್ಮ ಜಿಲ್ಲೆಯಲ್ಲಿ ಆಡುವವರಿಗೆ ಬರ ಇಲ್ಲ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ, ಕುಟುಂಬಕ್ಕೊಂದು ಟೀಮ್ ಕಟ್ಟಿ ಆಡುವ ಕೊಡವ ಹಾಕಿ ಉತ್ಸವದಲ್ಲಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಚೆನ್ನಾಗಿ ಆಡುವ ಮಗು ಹೇಗೋ ಆಡಿಕೊಳ್ಳುತ್ತದೆ. ಪಿ.ಟಿ. ಟೀಚರ್ ಬೇಕಾಗಿರುವುದು ಮರದ ಕೆಳಗೆ ಕೂತ ಮಗುವಿಗೆ.

ನನ್ನ ಎಂಟನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುತ್ತಿದ್ದಳು. ಪ್ರತಿ ಪಿ.ಟಿ. ಪೀರಿಯಡ್ಡಿನಲ್ಲೂ ಹೊಟ್ಟೆನೋವು. ಎರಡು ತಿಂಗಳು ನಾನೂ ನಂಬಿದೆ. ಆಮೇಲೆ ಒಂದು ದಿನ ಪಕ್ಕದಲ್ಲಿ ಕೂತು ಕೇಳಿದಾಗ ನಿಜ ಹೇಳಿದಳು. ಸ್ಕರ್ಟಿನಲ್ಲಿ ಓಡಿದರೆ ಹುಡುಗರು ನೋಡುತ್ತಾರೆ, ಪ್ಯಾಂಟ್ ತರಲು ಮನೆಯಲ್ಲಿ ದುಡ್ಡಿಲ್ಲ. ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ ಆಟದ ದಿನ ಹುಡುಗಿಯರೆಲ್ಲ ಮನೆಯ ಚೂಡಿದಾರದಲ್ಲೇ ಬರಬಹುದು ಅಂತ ಮಾಡಿಸಿದೆ. ಮುಂದಿನ ವರ್ಷ ಅವಳು ತಾಲ್ಲೂಕು ಥ್ರೋಬಾಲ್ ಟೀಮಿನಲ್ಲಿ ಇದ್ದಳು. ಮುಟ್ಟಿನ ವಿಷಯ, ಬಟ್ಟೆಯ ವಿಷಯ, ಮನೆಯಲ್ಲಿ ಬೈಯುವ ವಿಷಯ, ಇವನ್ನೆಲ್ಲ ಹುಡುಗಿಯರು ಹೇಳಿಕೊಳ್ಳುವುದು ಒಬ್ಬ ಟೀಚರಮ್ಮನಿಗೆ. ಅದಕ್ಕೇ ನಿನ್ನ ಪತ್ರ ಓದಿ ನನಗೆ ಅಷ್ಟು ಖುಷಿಯಾಯಿತು.

ಕಷ್ಟವನ್ನೂ ತಿಳಿದುಕೋ. ಜೂನ್‌ನಿಂದ ಮೈದಾನ ಕೆಸರು. ಶಾಲಾ ಕ್ರೀಡಾಕೂಟಗಳು ಬರುವುದು ಮಳೆ ಇನ್ನೂ ಪೂರ್ತಿ ಬಿಡದ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ವರಾಂಡದಲ್ಲಿ ಹಗ್ಗ ಜಿಗಿಸಿ, ಮೆಟ್ಟಿಲು ಹತ್ತಿಸಿ ಮಕ್ಕಳನ್ನು ತಯಾರು ಮಾಡಬೇಕು. ಪೋರ್ಷನ್ ಮುಗಿದಿಲ್ಲ ಅಂತ ನಿನ್ನ ಪೀರಿಯಡ್ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಸೇರಿದ ಮೊದಲ ತಿಂಗಳೇ ನಗುತ್ತಾ, ಆದರೆ ಗಟ್ಟಿಯಾಗಿ, ಆಗಲ್ಲ ಅನ್ನು. ಒಮ್ಮೆ ಕೊಟ್ಟ ಪೀರಿಯಡ್ ವಾಪಸ್ ಬರುವುದಿಲ್ಲ.

ಈ ಬೇಸಿಗೆ ರಜೆಯಲ್ಲಿ ನಿಮ್ಮೂರಿನ ಹತ್ತು ಚಿಕ್ಕ ಮಕ್ಕಳನ್ನು ಸೇರಿಸಿ ಎರಡು ವಾರ ಹಾಕಿ ಕಲಿಸಿ ನೋಡು. ಚೆನ್ನಾಗಿ ಆಡುವ ಇಬ್ಬರ ಹಿಂದೆ ಹೋಗುತ್ತೀಯಾ, ಉಳಿದ ಎಂಟು ಮಕ್ಕಳ ಹತ್ತಿರ ಹೋಗುತ್ತೀಯಾ? ಆಮೇಲೆ ನನಗೆ ಇನ್ನೊಂದು ಪತ್ರ ಬರೆ.

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಬಿ.ಪಿ.ಎಡ್. ಮುಗಿಸಿ ವಿರಾಜಪೇಟೆ ಕಡೆಯ ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಕಾಲೇಜಿನಲ್ಲಿ ಕೆಲಸಕ್ಕೆ ಸೇರಬೇಕು ಅಂತ ಆಸೆ. ಸ್ನೇಹಿತರು ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಮಾಡು ಅಂತಾರೆ. ಯಾವುದು ಸರಿ?

ಉತ್ತರ: ಎರಡೂ ಬೇರೆ ಬೇರೆ ಕೆಲಸ. 1961ರಲ್ಲಿ ಶುರುವಾದ ಪಟಿಯಾಲಾ ಸಂಸ್ಥೆಯ ಡಿಪ್ಲೊಮಾ ನಿಮ್ಮನ್ನು ಒಂದು ಆಟದ ಕೋಚ್ ಮಾಡುತ್ತದೆ. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಲು ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ ಎಂ.ಪಿ.ಎಡ್. ಬೇಕು, ಅದರಲ್ಲಿ 55 ಪರ್ಸೆಂಟ್ ಬೇಕು, ಆಮೇಲೆ ಅರ್ಹತಾ ಪರೀಕ್ಷೆ, ಅಂದರೆ ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್. ಜೊತೆಗೆ ನೀವು ಆಡಿದ ದಾಖಲೆ. ಎಂ.ಪಿ.ಎಡ್. ಮತ್ತೆ ಎರಡು ವರ್ಷ. ಮೈಸೂರು ಮತ್ತು ಮಂಗಳೂರು ಯೂನಿವರ್ಸಿಟಿ ಎರಡರಲ್ಲೂ ದೈಹಿಕ ಶಿಕ್ಷಣ ವಿಭಾಗ ಇದೆ. ಹೋಗಿ ನೋಡಿಕೊಂಡು ಬನ್ನಿ.

ಶಾಲೆ ಬಿಟ್ಟು ಓದಬೇಕಾಗುತ್ತದೆ ಅಂತ ಹಿಂದೆ ಮುಂದೆ ನೋಡುತ್ತಿದ್ದರೆ, ಮಾಡುವುದಿದ್ದರೆ ಈಗಲೇ ಮಾಡಿ ಅನ್ನುತ್ತೇನೆ. ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಲ್ಲಿ ಈ ಹುದ್ದೆಗೆ ಓಟದ ಪರೀಕ್ಷೆಯೂ ಇದೆ. ಗಂಡಸರಿಗೆ 12 ನಿಮಿಷ. 30 ವರ್ಷದವರೆಗೆ 1800 ಮೀಟರ್, 40ರವರೆಗೆ 1500 ಮೀಟರ್. ನಿಮ್ಮ ಶಾಲೆಯಲ್ಲಿ 200 ಮೀಟರ್ ಟ್ರ್ಯಾಕ್ ಇದ್ದರೆ 1800 ಅಂದರೆ 9 ಸುತ್ತು. ನಾಳೆ ಬೆಳಿಗ್ಗೆ ಮಕ್ಕಳು ಬರುವ ಮೊದಲು ಗಡಿಯಾರ ಹಿಡಿದು ಒಮ್ಮೆ ಓಡಿ ನೋಡಿ.